ಓದುಗರ ಅಂಗಳ: ಕೂವರ್‌ಮನ್ಸ್ ಕಲಿಸಿದ್ದೂ, ನಮ್ಮ ಮಣ್ಣಿನ ಮೈದಾನವೂ

ಪ್ರಶ್ನೆ: ಯೂರೊ ಕಪ್ ಗೆದ್ದ ಡಚ್ ತಂಡದಲ್ಲಿದ್ದ ವಿಮ್ ಕೂವರ್‌ಮನ್ಸ್ ನಮ್ಮ ರಾಷ್ಟ್ರೀಯ ಫುಟ್‌ಬಾಲ್ ಕೋಚ್ ಆಗಿದ್ದರಲ್ಲ, ಅವರಿಂದ ಏನಾಯಿತು? (ಆಸ್ಟಿನ್ ಟೌನ್ ಓದುಗರು)

ಉತ್ತರ: 1988ರ ತಂಡದಲ್ಲಿದ್ದದ್ದು ನಿಜ, ಆದರೆ ನೆದರ್ಲೆಂಡ್ಸ್ ಪರ ಅವರು ಆಡಿದ ಅಂತರರಾಷ್ಟ್ರೀಯ ಪಂದ್ಯ ಒಂದೇ ಒಂದು. ಫಾರ್ಚುನಾ ಸಿಟಾರ್ಡ್, ಫೆಯೆನೂರ್ಡ್ ಕ್ಲಬ್‌ಗಳ ಡಿಫೆಂಡರ್. ಅವರ ಹೆಸರು ನಿಂತದ್ದು ಕಲಿಸುವುದರಲ್ಲಿ. ಐರ್ಲೆಂಡ್ ಫುಟ್‌ಬಾಲ್ ಸಂಸ್ಥೆಯಲ್ಲಿ ಆಟಗಾರರ ಬೆಳವಣಿಗೆ ನೋಡಿಕೊಂಡು 2012ರಲ್ಲಿ ಇಲ್ಲಿಗೆ ಬಂದರು.

ಶುರು ಚೆನ್ನಾಗಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ದೆಹಲಿಯ ನೆಹರೂ ಕಪ್ ಫೈನಲ್‌ನಲ್ಲಿ ಕ್ಯಾಮರೂನ್ ವಿರುದ್ಧ 2-2 ಸಮ, ಪೆನಾಲ್ಟಿ ಶೂಟೌಟ್‌ನಲ್ಲಿ 5-4 ಗೆಲುವು. (ಎದುರಿಗಿದ್ದದ್ದು ಕ್ಯಾಮರೂನ್‌ನ ಮೊದಲ ಸಾಲಿನ ತಂಡವಲ್ಲ ಎನ್ನುವುದನ್ನು ಸಂಭ್ರಮದಲ್ಲಿ ಮರೆತವರೇ ಹೆಚ್ಚು.) ಮರುವರ್ಷ ಮಾರ್ಚ್‌ನಲ್ಲಿ ಯಾಂಗೂನ್‌ನಲ್ಲಿ ಮ್ಯಾನ್ಮಾರ್‌ಗೆ 0-1 ಸೋತು ಏಷ್ಯಾ ಮಟ್ಟದ ಚಾಲೆಂಜ್ ಕಪ್‌ನ ಅರ್ಹತೆ ತಪ್ಪಿತು, ಸೆಪ್ಟೆಂಬರ್‌ನ ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ ಟೂರ್ನಿ) ಫೈನಲ್‌ನಲ್ಲಿ ಕಠ್ಮಂಡುವಿನಲ್ಲಿ ಅಫ್ಘಾನಿಸ್ತಾನ 2-0 ಯಿಂದ ಮಣಿಸಿತು. 2014ರಲ್ಲಿ ಹೊರಟರು.

ಗೋಲ್‌ಕೀಪರ್ ಉದ್ದಕ್ಕೆ ಒದ್ದು, ಮುಂದಿನವರು ಓಡಿ ಹಿಡಿಯುವ ಆಟ ಬಿಡಿಸಿ, ಹಿಂದಿನಿಂದಲೇ ಚಿಕ್ಕ ಪಾಸ್‌ಗಳಲ್ಲಿ ಕಟ್ಟುವ ಆಟ ತರಲು ಹೊರಟಿದ್ದರು. ಇದು ಎಂಟು ಹತ್ತು ವಯಸ್ಸಿನಲ್ಲೇ ಕಾಲಿಗೆ ಹತ್ತಬೇಕಾದ ಅಭ್ಯಾಸ. ರಾಷ್ಟ್ರೀಯ ಕೋಚ್ ಕೈಗೆ ಆಟಗಾರ ಸಿಗುವುದು ಪಂದ್ಯಕ್ಕೆ ಮುಂಚಿನ ಕೆಲವು ದಿನ. ಉಳಿದಂತೆ ಅವನು ಕ್ಲಬ್‌ನವನು. ನಮ್ಮ ಮಟ್ಟಿಗೆ, ಎಡವಟ್ಟಾದದ್ದು ಅಲ್ಲೇ.

ಪ್ರಶ್ನೆ: ಅದೇ ಆಟವನ್ನು ನಮ್ಮ ಹುಡುಗರಿಗೆ ಮಣ್ಣಿನ ಮೈದಾನದಲ್ಲಿ ಕಲಿಸಲಾದೀತೇ? (ಹಲಸೂರು ಓದುಗರು)

ಉತ್ತರ: ಆದೀತು. ಕೋನ್ ಇಟ್ಟು 10 ಮೀಟರ್ ಚೌಕ ಮಾಡಿ. ಹೊರಗೆ ತಮ್ಮತಮ್ಮಲ್ಲೇ ಪಾಸ್ ಮಾಡಲು ನಾಲ್ವರು, ಒಳಗೆ ಚೆಂಡು ಕಿತ್ತುಕೊಳ್ಳಲು ಇಬ್ಬರು. ನಾಲ್ಕು ನಿಮಿಷ ಆಟ, ಒಂದು ನಿಮಿಷ ಬಿಡುವು, ನಾಲ್ಕು ಸುತ್ತು. ನೆಲ ತಗ್ಗುದಿಣ್ಣೆಯಾಗಿದ್ದರೆ ಚೌಕವನ್ನು 12 ಮೀಟರ್ ಮಾಡಿ, ಒಂದೇ ಟಚ್ (ಚೆಂಡಿಗೆ ಒಮ್ಮೆ ಮಾತ್ರ ಕಾಲು ತಾಗಿಸಿ ಪಾಸ್ ಕೊಡುವುದು) ಅಂತ ಹಟ ಹಿಡಿಯಬೇಡಿ, ಎರಡು ಟಚ್ ಕೊಡಿ. ಚೆಂಡಿನ ಗಾಳಿ ಕಡಿಮೆ ಇರಲಿ. ನಿಯಮ ಒಪ್ಪುವುದು 8.5 ರಿಂದ 15.6 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಒಣ ಮಣ್ಣಿನ ಮೇಲೆ 9ರ ಆಸುಪಾಸಿಗಿದ್ದರೆ ಪುಟಿತ ತಗ್ಗುತ್ತದೆ.

ಹುಡುಗರು ಎಡವುವುದು ಪಾಸ್ ಕೊಡುವಾಗಲ್ಲ, ತಗೊಳ್ಳುವಾಗ. ಚೆಂಡಿಗೆ ನೇರ ಎದೆಕೊಟ್ಟು ನಿಲ್ಲುತ್ತಾರೆ, ಹತ್ತಿರದ ಕಾಲಲ್ಲಿ ತಡೆಯುತ್ತಾರೆ, ಆಮೇಲೆ ತಿರುಗಲು ಜಾಗವಿರದೆ ಬಂದ ಕಡೆಗೇ ಹಿಂದಿರುಗಿಸುತ್ತಾರೆ. ಅರ್ಧ ಓರೆಯಾಗಿ ನಿಂತು ದೂರದ ಕಾಲಲ್ಲಿ ತಗೊಳ್ಳಲು ಹೇಳಿ. ಚೆಂಡು ಬರುವ ಮುನ್ನ ಹೆಗಲಾಚೆ ಒಮ್ಮೆ ನೋಡದಿದ್ದವನು ಒಳಗೆ ಹೋಗಬೇಕು ಅಂತ ನಿಯಮ ಮಾಡಿದರೆ, ಕೂಗಾಡದೆಯೇ ಕತ್ತು ತಿರುಗುತ್ತದೆ.

ಪ್ರಶ್ನೆ: ಇದಕ್ಕೆ ಕೋಚಿಂಗ್ ಲೈಸೆನ್ಸ್ ಬೇಕೇ?

ಉತ್ತರ: ಗಲ್ಲಿ ತಂಡಕ್ಕೆ ಬೇಡ. ಮುಂದೆ ಹೋಗುವ ಆಸೆಯಿದ್ದರೆ ಡಿ, ಸಿ, ಬಿ, ಎ, ಪ್ರೊ ಅಂತ ಮೆಟ್ಟಿಲು ಹತ್ತಬೇಕು.