ಕಣ್ಣಿನ ದೋಷ ಸರಿಪಡಿಸಿಕೊಂಡರೆ ಜಗತ್ತು ಇದ್ದ ಹಾಗೇ ಕಾಣುತ್ತದೆಯೇ?

ಪೂರ್ತಿ ಇಲ್ಲ. ಕನ್ನಡಕವಾಗಲಿ ಆಪರೇಷನ್ ಆಗಲಿ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಮೇಲೆ ಬೀಳುವ ಚಿತ್ರವನ್ನಷ್ಟೇ ತಿದ್ದುತ್ತದೆ. ಅದನ್ನು ಓದುವ ಕೆಲಸ ಮಿದುಳಿನದು, ಅದು ಊಹೆಯಲ್ಲಿ ನಿಸ್ಸೀಮ.

ಈಗಲೇ ಪರೀಕ್ಷಿಸಿ. ಎಡಗಣ್ಣು ಮುಚ್ಚಿ, ಎರಡೂ ತೋಳು ಚಾಚಿ, ಹೆಬ್ಬೆರಳುಗಳನ್ನು ಜೋಡಿಸಿ ಎತ್ತಿ ಹಿಡಿಯಿರಿ. ಬಲಗಣ್ಣಿನ ದೃಷ್ಟಿ ಎಡ ಹೆಬ್ಬೆರಳಿನ ಮೇಲೇ ಇರಲಿ. ಬಲಗೈಯನ್ನು ಮೆಲ್ಲಗೆ ಬಲಕ್ಕೆ ಸರಿಸುತ್ತ ಹೋದರೆ, ಸುಮಾರು ಒಂದು ಗೇಣು ದೂರದಲ್ಲಿ ಬಲ ಹೆಬ್ಬೆರಳಿನ ತುದಿಯೇ ಮಾಯ! ಆಗ ಅದರ ಚಿತ್ರ ಬೀಳುವುದು ರೆಟಿನಾದಲ್ಲಿ ದೃಷ್ಟಿನರ ಕಣ್ಣಿನಿಂದ ಹೊರಬೀಳುವ ಜಾಗದ ಮೇಲೆ; ಅಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ. ಆದರೂ ಅಲ್ಲಿ ತೂತು ಕಾಣುವುದಿಲ್ಲ, ಹಿಂದಿನ ಗೋಡೆಯ ಬಣ್ಣವನ್ನೇ ಮಿದುಳು ಬಳಿದುಬಿಡುತ್ತದೆ. ಹುಟ್ಟಿದಾಗಿನಿಂದ ಇರುವ ಈ ಕುರುಡು ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ.

ಇನ್ನೊಂದು ಮುಖವೂ ಇದೆ. ಹುಟ್ಟುಗುರುಡನಿಗೆ ದೃಷ್ಟಿ ಬಂದರೆ, ಮುಟ್ಟಿ ತಿಳಿದಿದ್ದ ಗೋಳ, ಘನಗಳನ್ನು ನೋಡಿದೊಡನೆ ಗುರುತಿಸಬಲ್ಲನೇ ಎಂದು 1688ರಲ್ಲಿ ಮಾಲಿನ್ಯೂ ಎಂಬಾತ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಬರೆದು ಕೇಳಿದ್ದ. ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲೇ. ನರವಿಜ್ಞಾನಿ ಪವನ್ ಸಿನ್ಹಾ ಅವರ ‘ಪ್ರಕಾಶ್’ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಐದು ಹುಟ್ಟುಗುರುಡು ಮಕ್ಕಳ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಕೈಯಲ್ಲಿ ಮುಟ್ಟಿದ ವಸ್ತು ಎದುರಿಗಿದ್ದ ಎರಡರಲ್ಲಿ ಯಾವುದೆಂದು ಕಣ್ಣಿನಿಂದ ಹೇಳಲು ಅವರಿಗೆ ಮೊದಲು ಆಗಲಿಲ್ಲ. ಕೆಲವೇ ದಿನಗಳಲ್ಲಿ ಕಲಿತರು.

ಹಾಗಾಗಿ ನಂಬಿಕೆಗಳನ್ನೆಲ್ಲ ಕಳಚಿಟ್ಟರೆ ಸತ್ಯ ನಿಚ್ಚಳವಾಗಿ ಕಾಣುತ್ತದೆ ಎನ್ನುವ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ಕಲಿತದ್ದೇನೂ ಇಲ್ಲದ ಕಣ್ಣಿಗೆ ಗೋಳ ಕಂಡರೂ, ಕೈ ಮುಟ್ಟಿದ್ದ ಗೋಳ ಅದೇ ಎಂದು ಗೊತ್ತಾಗುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಬೆರಳು ಸರಿಸಿ ನೋಡುವುದು ಅದನ್ನೇ.