ಎಂಟು ತುಂಬಿತ್ತು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಅವರಿಗೆ 58. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವ ಮೇಡಂ. ಮೂವತ್ತು ವರ್ಷದಿಂದ ಒಂದೇ ಸಂಶೋಧನೆ: ಹಳೆ ಮೈಸೂರು ಸಂಸ್ಥಾನದಲ್ಲಿ ಸಮಾಜ ಸುಧಾರಣೆಯ ಹೆಸರಲ್ಲಿ ಸರ್ಕಾರ ಮನೆಯೊಳಗೆ ಹೇಗೆ ಕಾಲಿಟ್ಟಿತು ಅಂತ. ರಾತ್ರಿ ನಿದ್ದೆ ಇಲ್ಲ, ಕ್ಲಾಸಿಗೆ ಹೊರಟರೆ ಎದೆ ಡವಡವ ಅನ್ನುತ್ತೆ ಅಂತ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು. ನಿವೃತ್ತಿ ಹತ್ತಿರ ಬಂತಲ್ಲ, ಅದೇ ಭಯ ಅಂದುಕೊಂಡೆ. ಎರಡು ಭೇಟಿ ಅದರಲ್ಲೇ ಹೋಯಿತು. ತಪ್ಪು ನನ್ನದೇ.

ಮೂರನೇ ಸಲ ಒಂದು ಜೆರಾಕ್ಸ್ ಪ್ರತಿ ತಂದರು. ಮೈಸೂರಿನ 1894ರ ಬಾಲ್ಯವಿವಾಹ ತಡೆ ಕಾಯ್ದೆ. 8 ತುಂಬದ ಹುಡುಗಿಗೆ ಮದುವೆ ಮಾಡುವಂತಿಲ್ಲ. 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವಂತಿಲ್ಲ. ಆ ಎಂಟರ ಸುತ್ತ ಪೆನ್ಸಿಲ್ ಗೆರೆ, ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು.

"ವಯಸ್ಸು ಕೇಳೋಕೆ ಶುರು ಮಾಡಿದ ಸರ್ಕಾರ ಅಲ್ಲಿಗೇ ನಿಲ್ಲಲ್ಲ. ದಾಖಲೆ ಬೇಕು, ಬರೆಯೋಕೆ ಗುಮಾಸ್ತ ಬೇಕು. ಇಷ್ಟು ವರ್ಷ ಇದನ್ನೇ ಬರೆದೆ" ಅಂದರು. ಹೋದ ವರ್ಷ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಕೇಳಿದಳಂತೆ: "ಹಾಗಾದ್ರೆ ಆ ಕಾಯ್ದೆ ಬರಲೇಬಾರದಿತ್ತಾ ಮೇಡಂ?" ಇವರ ಬಾಯಿಂದ ಮಾತೇ ಹೊರಡಲಿಲ್ಲ.

ಆಗ ಯಾರ ನೆನಪಾಯಿತು ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು.

ಅಜ್ಜಿಯ ಅಕ್ಕ. ಇವರನ್ನು ಎತ್ತಿ ಆಡಿಸಿದವರು. 1914ರಲ್ಲಿ ಮದುವೆ, ಆಗ 9 ವರ್ಷ. ಎಂಟು ತುಂಬಿತ್ತು, ಕಾನೂನಿನ ಲೆಕ್ಕದಲ್ಲಿ ಎಲ್ಲ ಸರಿ. ಹನ್ನೆರಡಕ್ಕೆ ಗಂಡ ಹೋದ. ಆಮೇಲೆ ಬೋಳುತಲೆ, ಕೆಂಪು ಸೀರೆ, ಅಡುಗೆಮನೆ. "ಸರ್ಕಾರ ಇನ್ನೂ ಸ್ವಲ್ಪ ಜಾಸ್ತಿ ಒಳಗೆ ಬಂದಿದ್ರೆ ಚೆನ್ನಾಗಿತ್ತು ಅನ್ಸುತ್ತೆ ನಂಗೆ. ಹಾಗಾದ್ರೆ ನಾನು ಬರೆದಿದ್ದೆಲ್ಲ ಸುಳ್ಳಾ?"

ಸುಳ್ಳಲ್ಲ ಮೇಡಂ, ಅರ್ಧ ನಿಜ ಅಂದೆ. ಇತಿಹಾಸ ನನ್ನ ಕೆಲಸ ಅಲ್ಲ, ಆದರೂ ಬಾಯಿ ಬಿಟ್ಟು ಹೇಳಿದೆ.

ಮೊದಲು ಬಿಪಿ, ಥೈರಾಯ್ಡ್ ನೋಡಿಸಿಕೊಂಡು ಬನ್ನಿ ಅಂದೆ. ಎದೆ ಬಡಿತಕ್ಕೆ ಮನಸ್ಸೇ ಕಾರಣ ಅಂತ ಸುಮ್ನೆ ತೀರ್ಮಾನ ಮಾಡಬಾರದು. ಪುಸ್ತಕದ ಹಸ್ತಪ್ರತಿ ಎರಡು ತಿಂಗಳು ಬೀರುವಿನಲ್ಲಿರಲಿ. ದಿನಾ ಇಪ್ಪತ್ತು ನಿಮಿಷ ಆ ಅಜ್ಜಿಯ ಬಗ್ಗೆ ಬರೆಯಿರಿ, ಕೈಯಲ್ಲಿ, ಕನ್ನಡದಲ್ಲಿ. ಅಡಿಟಿಪ್ಪಣಿ ಹಾಕುವಂತಿಲ್ಲ ಅಂದಾಗ ಮೊದಲ ಸಲ ನಕ್ಕರು. ಆ ಹುಡುಗಿಗೆ ಉತ್ತರ ಬಾಕಿ ಇದೆ, ಗೊತ್ತಿಲ್ಲ ಅನ್ನುವುದಾದರೆ ಅದನ್ನೇ ಹೇಳಿ ಅಂತಲೂ ಅಂದೆ.

ಆರು ವಾರದ ಮೇಲೆ ಬಂದರು. ಥೈರಾಯ್ಡ್ ಸರಿಯಿತ್ತು, ಬಿಪಿಗೆ ಮಾತ್ರೆ ಶುರುವಾಗಿತ್ತು. ಅಜ್ಜಿಯ ಕಥೆಯನ್ನು ಕ್ಲಾಸಿನಲ್ಲೇ ಹೇಳಿದ್ದರು. ಕೊನೆಗೆ ಆ ಹುಡುಗಿ ಎದ್ದು ಬಂದು ಅದೇ ಜೆರಾಕ್ಸ್ ಕೇಳಿ ಇಸಕೊಂಡಳಂತೆ. ವಾರಕ್ಕೆ ಎರಡು ದಿನ ಈಗಲೂ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ. ಭೇಟಿ ಮುಂದುವರಿದಿದೆ.