ಕೂಲೆಂಟ್ ಕಡಿಮೆಯಾಗುತ್ತದೆ, ಇಂಜಿನ್ ಆಗಾಗ ಹೀಟ್ ಆಗುತ್ತದೆ, ಕೆಳಗೆ ಒಂದು ಹನಿಯೂ ಇಲ್ಲ: ಹೆಡ್ ಗ್ಯಾಸ್ಕೆಟ್ ಬಿಚ್ಚಿಸಬೇಕಾ?

ಬಿಚ್ಚಿಸಬೇಡಿ. ಈಗಲೇ ಅಂತೂ ಬೇಡ. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ಮೇಲ್ಭಾಗದ ಸಿಲಿಂಡರ್ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಇರುವ ಸೀಲ್, ಅದನ್ನು ತಲುಪಲು ಇಂಜಿನ್ ಬಿಚ್ಚಲೇಬೇಕು.

ನಿಮ್ಮ ಪ್ರಶ್ನೆಯಲ್ಲಿ, ಟೆಂಪರೇಚರ್ ಮೀಟರಿನ ಮುಳ್ಳು ಒಮ್ಮೊಮ್ಮೆ ಕೆಂಪು ಗೆರೆಯ ಹತ್ತಿರ ಹೋಗಿ "ತಾನಾಗಿಯೇ ಇಳಿಯುತ್ತದೆ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿದ ತಕ್ಷಣ ನನ್ನ ಹಳೇ ಕಾರು ನೆನಪಾಯಿತು. ಆಗಾಗ ಬಾಟಲಿಗೆ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಹಾಕುವುದು, ಬೆಳಗ್ಗೆ ಬಗ್ಗಿ ಕಾರಿನ ಕೆಳಗೆ ಇಣುಕುವುದು, ನೆಲ ಒಣಗಿರುವುದು, ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿಯಲು ಬಿಡುವ ವಾಲ್ವ್) ಬದಲಾಯಿಸಿದರೂ ಹೀಟ್ ನಿಲ್ಲದಿರುವುದು, ಕೊನೆಗೆ ಮೆಕ್ಯಾನಿಕ್ ತಲೆ ಕೆರೆದುಕೊಂಡು "ಹೆಡ್ ಗ್ಯಾಸ್ಕೆಟ್ ಹೋಗಿರಬೇಕು ಸರ್" ಅನ್ನುವುದು. ಎಲ್ಲ ಅದೇ.

ನನ್ನದು ರೇಡಿಯೇಟರಿನ ಮೇಲೇ ಮುಚ್ಚಳ ಇರುವ ಗಾಡಿ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ, ಅದರ ಮೇಲೆ ಮಿನ್, ಮ್ಯಾಕ್ಸ್ ಗೆರೆ. ಬಾನೆಟ್ ಎತ್ತಿದಾಗೆಲ್ಲ ನಾನು ನೋಡುತ್ತಿದ್ದದ್ದು ಆ ಬಾಟಲಿಯನ್ನು ಮಾತ್ರ. ಕೆಲವು ಸಲ ಮಿನ್‌ಗಿಂತ ಕೆಳಗಿರುತ್ತಿತ್ತು, ತುಂಬಿಸುತ್ತಿದ್ದೆ. ಕೆಲವು ಸಲ ಮ್ಯಾಕ್ಸ್ ದಾಟಿರುತ್ತಿತ್ತು. ಆಗ ಖುಷಿಯಾಗುತ್ತಿತ್ತು! ಕೂಲೆಂಟ್ ಇದೆ, ಹಾಗಾದರೆ ಹೀಟ್ ಆಗುವುದಕ್ಕೆ ಬೇರೆ ಏನೋ ಕಾರಣ ಇರಬೇಕು ಅಂದುಕೊಂಡೆ. ಫ್ಯಾನಿಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇ, ಬದಲಾಯಿತು. ಥರ್ಮೋಸ್ಟಾಟ್ ಬದಲಾಯಿತು. ಸೆನ್ಸರ್ ಕೂಡ.

ಆದರೆ ಬಾಟಲಿ ತುಂಬಿದ್ದರೂ ರೇಡಿಯೇಟರ್ ಅರ್ಧ ಖಾಲಿ ಇರಬಹುದು. ಇಂಜಿನ್ ಬಿಸಿಯಾದಾಗ ಕೂಲೆಂಟ್ ಹಿಗ್ಗುತ್ತದೆ, ಒಳಗೆ ಒತ್ತಡ ಏರುತ್ತದೆ. ಮುಚ್ಚಳದಲ್ಲಿರುವ ಸ್ಪ್ರಿಂಗ್ ಒಂದು ಮಿತಿಯವರೆಗೆ ಅದನ್ನು ತಡೆದುಕೊಳ್ಳುತ್ತದೆ. ಸಾಕಷ್ಟು ಕಾರುಗಳಲ್ಲಿ ಈ ಮಿತಿ 0.9 ರಿಂದ 1.1 ಬಾರ್ (ಒತ್ತಡದ ಅಳತೆ), ಮುಚ್ಚಳದ ಮೇಲೇ ಬರೆದಿರುತ್ತದೆ. ಅದು ದಾಟಿದರೆ ಹೆಚ್ಚಾದ ಕೂಲೆಂಟ್ ಸಣ್ಣ ಪೈಪಿನಲ್ಲಿ ಬಾಟಲಿಗೆ ಹೋಗುತ್ತದೆ. ಇಂಜಿನ್ ಆರಿದಾಗ ಒಳಗಿನದು ಕುಗ್ಗುತ್ತದೆ, ಮುಚ್ಚಳದ ಮಧ್ಯದ ಪುಟ್ಟ ವಾಲ್ವ್ ತೆರೆದು ಬಾಟಲಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ನನ್ನ ಮುಚ್ಚಳದ ಸ್ಪ್ರಿಂಗ್ ಸಡಿಲವಾಗಿತ್ತು, ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಬಿಸಿಯಾದಾಗ ಬೇಗ ಬಿಟ್ಟುಬಿಡುತ್ತಿತ್ತು. ತಣ್ಣಗಾದಾಗ ಕೂಲೆಂಟ್ ಬದಲು ಬಿರುಕಿನಿಂದ ಗಾಳಿ ಎಳೆಯುತ್ತಿತ್ತು. ಹೀಗೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಕೂಲೆಂಟ್ ಹೊರಗೆ, ಅಷ್ಟೇ ಗಾಳಿ ಒಳಗೆ. ಬಾಟಲಿ ತುಂಬಿ ಉಕ್ಕಿದ್ದು ಕಾರು ಓಡುವಾಗ ರಸ್ತೆಗೆ ಬಿದ್ದು ಹೋಗುತ್ತಿತ್ತು. ಮನೆ ಮುಂದೆ ಹನಿ ಎಲ್ಲಿಂದ ಕಾಣಬೇಕು?

ಇಷ್ಟೇ ಆಗಿದ್ದರೆ ಒಂದು ಮುಚ್ಚಳದಲ್ಲಿ ಮುಗಿಯುತ್ತಿತ್ತು. ಇಂಜಿನ್ ಬಿಚ್ಚುವ ಮಟ್ಟಕ್ಕೆ ತಂದವನು ನಾನೇ.

ಒಂದು ದಿನ ಉದ್ದನೆಯ ಏರು ಹತ್ತುತ್ತಿದ್ದೆ. ಎಸಿ ಹಾಕಿತ್ತು, ಗಾಡಿ ತುಂಬ ಜನ. ಮುಳ್ಳು ಏರತೊಡಗಿತು. ನಿಲ್ಲಿಸಲು ಜಾಗ ಹುಡುಕುತ್ತಿದ್ದೆ, ಅಷ್ಟರಲ್ಲಿ ಮುಳ್ಳು ಇಳಿಯಿತು. ಮಧ್ಯಕ್ಕೂ ಅಲ್ಲ, ಅದಕ್ಕಿಂತ ಕೆಳಗೆ. "ನೋಡಿ, ತಾನೇ ಸರಿಹೋಯಿತು" ಅಂತ ಪಕ್ಕದಲ್ಲಿದ್ದವರಿಗೆ ಹೇಳಿ ಆಕ್ಸಿಲರೇಟರ್ ಇನ್ನಷ್ಟು ಒತ್ತಿದೆ.

ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ, ಬೇಜಾರಾದರೂ ಪೂರ್ತಿ ಓದಿ. ಟೆಂಪರೇಚರ್ ಸೆನ್ಸರ್ ಇಂಜಿನ್ನಿನ ಬಿಸಿಯನ್ನು ನೇರವಾಗಿ ಅಳೆಯುವುದಿಲ್ಲ. ತನ್ನ ಸುತ್ತ ಹರಿಯುವ ಕೂಲೆಂಟಿನ ಬಿಸಿಯನ್ನು ಅಳೆಯುತ್ತದೆ. ಸುತ್ತ ಕೂಲೆಂಟ್ ಇದ್ದರೆ ಸರಿ. ಕೂಲೆಂಟ್ ಕೆಳಗಿಳಿದು ಸೆನ್ಸರಿನ ತುದಿ ಗಾಳಿಯಲ್ಲೋ ಹಬೆಯಲ್ಲೋ ನಿಂತರೆ ಅದಕ್ಕೆ ಬಿಸಿ ಸರಿಯಾಗಿ ತಲುಪುವುದಿಲ್ಲ. ಮುಳ್ಳು ಇಳಿಯುತ್ತದೆ. ಅಂದರೆ ಇಂಜಿನ್ ತಣ್ಣಗಾಗಿ ಮುಳ್ಳು ಇಳಿದದ್ದಲ್ಲ, ಅಳೆಯಲು ಅಲ್ಲಿ ಕೂಲೆಂಟೇ ಇಲ್ಲ ಅಂತ ಇಳಿದದ್ದು. ಆ ಹೊತ್ತಿನಲ್ಲಿ ಸಿಲಿಂಡರ್ ಹೆಡ್ಡಿನ ಲೋಹ ಮೊದಲಿಗಿಂತ ಜಾಸ್ತಿ ಕಾಯುತ್ತಿರುತ್ತದೆ. ಏರಿದ ಮುಳ್ಳಿಗಿಂತ, ಏರಿ ದಿಢೀರನೆ ಬಿದ್ದ ಮುಳ್ಳು ಭಯಂಕರ.

ಅದರ ಮೇಲೆ ಇನ್ನೊಂದು ತಮಾಷೆ. ಸಾಕಷ್ಟು ಕಾರುಗಳಲ್ಲಿ ಮುಳ್ಳು ನಿಜವಾದ ಉಷ್ಣತೆಯ ಜೊತೆ ಸಮನಾಗಿ ಓಡುವುದೇ ಇಲ್ಲ. ಸುಮಾರು 80 ಡಿಗ್ರಿಯಿಂದ 100 ದಾಟುವವರೆಗೂ ಮಧ್ಯದಲ್ಲೇ ನಿಲ್ಲುವ ಹಾಗೆ ಕಂಪನಿಯವರೇ ಇಟ್ಟಿರುತ್ತಾರೆ. ಓಡಿಸುವವರು ಸುಮ್ನೆ ಗಾಬರಿಯಾಗಬಾರದು ಅಂತ. ಹಾಗಾಗಿ ನಿಮಗೆ ಮುಳ್ಳು ಅಲ್ಲಾಡಿದ್ದು ಕಾಣುವ ಹೊತ್ತಿಗೆ ಬಿಸಿ ಆಗಲೇ ಏರಿರುತ್ತದೆ. ಒಂದು ಓಬಿಡಿ ರೀಡರ್ (ಕಾರಿನ ಕಂಪ್ಯೂಟರಿನ ಲೆಕ್ಕ ಓದುವ ಪುಟ್ಟ ಸಾಧನ) ಚುಚ್ಚಿ ಮೊಬೈಲಿನಲ್ಲಿ ಡಿಗ್ರಿ ನೋಡಿ, ಆಗ ಗೊತ್ತಾಗುತ್ತದೆ. ಅದೂ ಅದೇ ಸೆನ್ಸರಿನ ಲೆಕ್ಕವೇ, ಆದರೆ ನಡುವೆ ಮುಚ್ಚಿಡುವವರು ಇರುವುದಿಲ್ಲ. 108, 110, 112 ಅಂತ ಏರಿ ಒಂದೇ ಸಲ 70ಕ್ಕೆ ಬಿದ್ದರೆ ಕೂಲೆಂಟ್ ಇಲ್ಲ ಅಂತಲೇ ತಿಳಿಯಿರಿ.

ಅವತ್ತು ನನಗೆ ಇನ್ನೊಂದು ಸೂಚನೆಯೂ ಸಿಕ್ಕಿತ್ತು. ಯಾರೋ ಹೇಳಿದ್ದು ನೆನಪಾಗಿ ಹೀಟರ್ ಹಾಕಿದೆ. ತಣ್ಣನೆ ಗಾಳಿ ಬಂತು. ಇಂಜಿನ್ ಕುದಿಯುವಾಗ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಅಲ್ಲಿಗೆ ಕೂಲೆಂಟ್ ಹೋಗುತ್ತಿಲ್ಲ ಅಂತ ಅರ್ಥ. "ಹೀಟರೂ ಕೆಟ್ಟಿದೆ" ಅಂದುಕೊಂಡು ಮುಂದೆ ಹೋದೆ. ಸ್ವಲ್ಪ ದೂರಕ್ಕೆ ಗಾಡಿ ಎಳೆಯುವುದು ಬಿಟ್ಟಿತು, ಬಾನೆಟ್ ಸಂದಿನಿಂದ ಹಬೆ ಎದ್ದಿತು.

ಅಲ್ಯುಮಿನಿಯಂ ಹೆಡ್. ಎರಕದ ಕಬ್ಬಿಣದ ಬ್ಲಾಕಿಗಿಂತ ಸುಮಾರು ಎರಡರಷ್ಟು ಹಿಗ್ಗುವ ಲೋಹ. ಮಿತಿ ಮೀರಿ ಕಾದರೆ ಬೆಂಡ್ ಆಗುತ್ತದೆ, ನಡುವಿನ ಗ್ಯಾಸ್ಕೆಟ್ ಹಿಡಿತ ಬಿಡುತ್ತದೆ. ಹೆಡ್ ಬಿಚ್ಚಿ, ಅದರ ಮೈ ಮತ್ತೆ ಸಮತಟ್ಟಾಗುವಂತೆ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್, ಅದರ ಜೊತೆಗೇ ವಾಟರ್ ಪಂಪ್. ಖರ್ಚಿನ ಮಾತು ಬಿಡಿ.

ಇಲ್ಲಿಗೂ ಮುಗಿಯಲಿಲ್ಲ. ಎಲ್ಲ ಹೊಸದು ಹಾಕಿದ ಗ್ಯಾರೇಜಿನವರು ಮುಚ್ಚಳ ಮಾತ್ರ ಹಳೆಯದನ್ನೇ ತಿರುಗಿಸಿ ಕೂರಿಸಿದ್ದರು. ಕೆಲವೇ ದಿನಕ್ಕೆ ಮುಳ್ಳು ಮತ್ತೆ ಏರಿತು. ಈ ಸಲ ರೇಡಿಯೇಟರ್ ರಿಪೇರಿ ಮಾತ್ರ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಇಂಜಿನ್ ಕಡೆ ನೋಡಲೇ ಇಲ್ಲ. ಮುಚ್ಚಳ ತೆಗೆದು ಕೈಪಂಪಿಗೆ ಸಿಕ್ಕಿಸಿ ಗಾಳಿ ಹೊಡೆದರು. 1.1 ಅಂತ ಬರೆದಿದ್ದ ಮುಚ್ಚಳ ಅದರ ಅರ್ಧಕ್ಕೂ ನಿಲ್ಲಲಿಲ್ಲ, ಪುಸ್ಸೆಂದಿತು. "ಇದನ್ನ ಯಾರೂ ನೋಡಲಿಲ್ವಾ?" ಅಂದರು. ವೆಯ್ಟ್ ಸರಿಯಾಗಿ ಕೂರದ ಕುಕ್ಕರಿನ ಹಾಗೆ ಅದು. ಒತ್ತಡ ನಿಲ್ಲದಿದ್ದರೆ ಬೇಗ ಕುದಿಯುತ್ತದೆ. ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ ಒತ್ತಡ ಇಲ್ಲದೆ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ಒಂದು ಬಾರ್ ಒತ್ತಡದಲ್ಲಿ 125 ದಾಟುತ್ತದೆ. ಆ ವ್ಯತ್ಯಾಸದ ಮೇಲೆಯೇ ಇಂಜಿನ್ ಏರು ಹತ್ತುವುದು.

ಈಗ ನಿಮ್ಮ ಪ್ರಶ್ನೆಗೆ. ಅದನ್ನೇ ನಾನು ಒಪ್ಪುವುದಿಲ್ಲ. "ಹೆಡ್ ಗ್ಯಾಸ್ಕೆಟ್ ಹೌದಾ ಅಲ್ಲವಾ" ಅಂತ ಕೇಳಿದ್ದೀರಿ. ಹೌದೇ ಆಗಿದ್ದರೂ ಅದು ಹೋದದ್ದು ಯಾಕೆ? ಗ್ಯಾಸ್ಕೆಟ್ ಸುಮ್ನೆ ಹೋಗುವುದು ಅಪರೂಪ, ಬಹಳ ಸಲ ಯಾವುದೋ ಕಾರಣಕ್ಕೆ ಇಂಜಿನ್ ಹೀಟ್ ಆಗಿ ಅದು ಹೋಗಿರುತ್ತದೆ. ಮೊದಲ ಕಾರಣ ಹಾಗೇ ಬಿಟ್ಟು ಗ್ಯಾಸ್ಕೆಟ್ ಹಾಕಿಸಿದರೆ ನನ್ನ ಹಾಗೆ ಎರಡನೇ ಸಲ ಬಾನೆಟ್ ಎತ್ತುತ್ತೀರಿ. ಇನ್ನೊಂದು, "ಹೀಟ್ ಆಗುತ್ತದೆ" ಮತ್ತು "ಕೂಲೆಂಟ್ ಕಡಿಮೆಯಾಗುತ್ತದೆ" ಅಂತ ಎರಡು ಕಾಯಿಲೆ ಬರೆದಿದ್ದೀರಿ. ಕೂಲೆಂಟ್ ಎಲ್ಲಿಗೆ ಹೋಗುತ್ತಿದೆ ಅನ್ನುವುದನ್ನು ಮೊದಲು ಹಿಡಿಯಿರಿ. ಅದು ಸಿಗುವವರೆಗೆ ಒಂದು ಬೋಲ್ಟೂ ಬಿಚ್ಚಿಸಬೇಡಿ, ಅಂದಾಜಿನ ಮೇಲೆ ಒಂದು ಪಾರ್ಟೂ ಹಾಕಿಸಬೇಡಿ.

"ಆಗಾಗ" ಅನ್ನುವುದನ್ನೂ ನಂಬುವುದಿಲ್ಲ. ಯಾವಾಗ ಅಂತ ನೀವು ಗಮನಿಸಿಲ್ಲ ಅಷ್ಟೇ. ಟ್ರಾಫಿಕ್ಕಿನಲ್ಲಿ ನಿಂತಾಗ ಏರಿ, ಓಡತೊಡಗಿದ ಮೇಲೆ ಇಳಿದರೆ ಫ್ಯಾನ್, ಅದರ ಫ್ಯೂಸ್, ರಿಲೇ, ವೈರಿಂಗ್ ನೋಡಿ. ಎಸಿ ಹಾಕಿದರೆ ಸಾಕಷ್ಟು ಗಾಡಿಗಳಲ್ಲಿ ಫ್ಯಾನ್ ತಿರುಗಲೇಬೇಕು, ಪರೀಕ್ಷೆ ಸುಲಭ. ಹೈವೇಯಲ್ಲಿ ವೇಗವಾಗಿ ಹೋಗುವಾಗ, ಏರು ಹತ್ತುವಾಗ ಮಾತ್ರ ಏರಿದರೆ ಫ್ಯಾನಿನ ತಪ್ಪಲ್ಲ, ಗಾಳಿ ಹೇಗೂ ಬಡಿಯುತ್ತಿರುತ್ತದೆ. ಅಲ್ಲಿ ಕೂಲೆಂಟ್ ಕಡಿಮೆ, ಕಟ್ಟಿಕೊಂಡ ರೇಡಿಯೇಟರ್, ಸವೆದ ಪಂಪ್, ಅಥವಾ ಗ್ಯಾಸ್ಕೆಟ್.

ಮೊದಲ ಕೆಲಸ ಬೆಳಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮುಂಚೆ. ರಾತ್ರಿಯಿಡೀ ತಣ್ಣಗಾಗಿರಬೇಕು. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಿದರೆ ಮುಖ ಸುಡುತ್ತದೆ, ಇದರಲ್ಲಿ ಧೈರ್ಯ ತೋರಿಸಬೇಡಿ. ರೇಡಿಯೇಟರಿನ ಮೇಲಿನ ದಪ್ಪ ಹೋಸನ್ನು ಹಿಚುಕಿ. ಮೆತ್ತಗಿರಬೇಕು. ರಾತ್ರಿ ಕಳೆದರೂ ಗಟ್ಟಿಯಾಗಿದ್ದರೆ ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ನುಗ್ಗಿದೆ ಅನ್ನುವ ಅನುಮಾನ ಬರುತ್ತದೆ. ಆಮೇಲೆ ಮುಚ್ಚಳ ನಿಧಾನವಾಗಿ ತೆಗೆದು ಒಳಗೆ ನೋಡಿ. ಬಾಯಿಮಟ್ಟ ತುಂಬಿದೆಯಾ? ಬಾಟಲಿ ತುಂಬಿದ್ದು ಇಲ್ಲಿ ಕೆಳಗಿದ್ದರೆ ನಿಮ್ಮದೂ ನನ್ನ ಕಥೆಯೇ: ಮುಚ್ಚಳ, ಅಥವಾ ಬಾಟಲಿಗೆ ಹೋಗುವ ಸಣ್ಣ ಪೈಪಿನಲ್ಲಿ ಬಿರುಕು. ಸಾಕಷ್ಟು ಹೊಸ ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳ ಇರುವುದಿಲ್ಲ, ಒತ್ತಡದ ಟ್ಯಾಂಕಿಗೇ ಇರುತ್ತದೆ. ಆ ಮುಚ್ಚಳವನ್ನೂ ಕೈಪಂಪಿಗೆ ಸಿಕ್ಕಿಸಿ ಪರೀಕ್ಷಿಸಬಹುದು.

ಮುಚ್ಚಳ ಸರಿ ಇದ್ದರೆ ಪ್ರೆಶರ್ ಟೆಸ್ಟ್. ಇದನ್ನು ಕೇಳಿ ಮಾಡಿಸಿ, ಮಾಡಲ್ಲ ಅಂದರೆ ಬೇರೆ ಗ್ಯಾರೇಜ್. ತಣ್ಣನೆ ಇಂಜಿನ್ನಿಗೆ ಮುಚ್ಚಳದ ಜಾಗದಲ್ಲಿ ಪಂಪ್ ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಬಿಡಬೇಕು. ಐದು ನಿಮಿಷ ನೋಡಿ "ಸರಿ ಇದೆ" ಅಂದರೆ ಒಪ್ಪಬೇಡಿ, ಅರ್ಧ ಗಂಟೆಯಾದರೂ ಬಿಡಲಿ. ಪಂಪಿನ ಮೀಟರಿನ ಮುಳ್ಳು ಇಳಿದರೆ ಸೋರಿಕೆ ಇದೆ. ಆಗ ಟಾರ್ಚ್ ಹಿಡಿದು ಹುಡುಕಿ: ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರ, ಹೋಸ್ ಕ್ಲಿಪ್ಪುಗಳು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಲೋಹಕ್ಕೆ ಕೂಡುವ ಜಾಗ, ಇಂಜಿನ್ ಹಿಂದೆ ಅಡಗಿರುವ ಹೀಟರ್ ಪೈಪುಗಳು. ಒಣಗಿದ ಬಿಳಿ ಅಥವಾ ಬಣ್ಣದ ಕಲೆ ಸಿಕ್ಕರೆ ಕಳ್ಳ ಸಿಕ್ಕ ಹಾಗೆಯೇ. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಮುಟ್ಟಿ ನೋಡಿ. ಒದ್ದೆಯಾಗಿ ಅಂಟಂಟಾಗಿದ್ದರೆ, ಸಿಹಿ ವಾಸನೆ ಬಂದರೆ, ಒಳಗಿನಿಂದ ಗಾಜಿಗೆ ಜಿಡ್ಡಿನ ಮಂಜು ಕೂತರೆ ಹೀಟರ್ ಕೋರ್ (ಡ್ಯಾಶ್‌ಬೋರ್ಡಿನ ಒಳಗೆ ಹೀಟರಿಗೆ ಬಿಸಿ ಕೊಡುವ ಪುಟ್ಟ ರೇಡಿಯೇಟರ್) ಸೋರುತ್ತಿದೆ. ಕೂಲೆಂಟ್ ಕಾರಿನೊಳಗೇ ಹೋಗುತ್ತಿದ್ದರೆ ಕೆಳಗೆ ಹನಿ ಬೀಳುವುದಿಲ್ಲ, ಅಲ್ವಾ?

ಒತ್ತಡ ಇಳಿಯುತ್ತಿದೆ, ಹೊರಗೆ ಏನೂ ಇಲ್ಲ ಅಂದರೆ ಮಾತ್ರ ಗ್ಯಾಸ್ಕೆಟ್ ಕಡೆ ಹೋಗಿ. ಅದಕ್ಕೂ ಬಿಚ್ಚುವುದು ಬೇಡ. ಒಂದು ನೀಲಿ ದ್ರವದ ಟೆಸ್ಟ್ ಇದೆ. ಇಂಜಿನ್ ಓಡುವಾಗ ರೇಡಿಯೇಟರ್ ಬಾಯಲ್ಲಿನ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ಬೆರೆತಿದ್ದರೆ ಪೆಟ್ರೋಲ್ ಗಾಡಿಯಲ್ಲಿ ನೀಲಿ ಹಳದಿಯಾಗುತ್ತದೆ, ಡೀಸೆಲ್ಲಿನಲ್ಲಿ ಹಸಿರು. ಇಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೂ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಬಿಸಿ ಇಂಜಿನ್ನಿಗೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಅನುಮಾನ ಗಟ್ಟಿ. ಡೀಸೆಲ್ ಗಾಡಿಯಾದರೆ ಇಜಿಆರ್ ಕೂಲರ್ (ಇಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ಕೂಲೆಂಟಿನಿಂದ ತಣಿಸುವ ಭಾಗ) ಸೋರಿದರೆ ಅದೂ ಒಳಗೊಳಗೇ ಕೂಲೆಂಟ್ ನುಂಗಿ ಬಿಳಿ ಹೊಗೆ ಬಿಡುತ್ತದೆ, ಅದನ್ನು ನೋಡದೆ ಹೆಡ್ ಇಳಿಸಬೇಡಿ. ಆಯಿಲ್ ಮುಚ್ಚಳದ ಕೆಳಗೆ ಕೆನೆಯಂಥದ್ದು ಕಂಡ ತಕ್ಷಣ ಕೆಲವರು ತೀರ್ಪು ಕೊಡುತ್ತಾರೆ. ಬರೀ ಹತ್ತಿರದ ಓಡಾಟಕ್ಕೆ ಬಳಸುವ ಗಾಡಿಯಲ್ಲಿ ಬರೀ ತೇವಕ್ಕೂ ಅದು ಕೂರುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ನೋಡಿ, ಅದರಲ್ಲೂ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಆಗ ಮಾತು ಬೇರೆ.

ಸೋರಿಕೆ ನಿಲ್ಲಿಸುವ ಪುಡಿ, ದ್ರವ ಹಾಕಲೇ ಅಂತ ಕೇಳಿದ್ದೀರಿ. ಬೇಡ. ಅದಕ್ಕೆ ಸೋರುವ ತೂತು ಯಾವುದು, ರೇಡಿಯೇಟರಿನ ಸಣ್ಣ ನಾಳ ಯಾವುದು ಅಂತ ಗೊತ್ತಾಗುವುದಿಲ್ಲ. ಬಹಳ ಸಲ ಹೀಟರ್ ಕೋರ್ ಮೊದಲು ಕಟ್ಟಿಕೊಳ್ಳುತ್ತದೆ. ಥರ್ಮೋಸ್ಟಾಟನ್ನೇ ತೆಗೆದು ಓಡಿಸಿ ಅನ್ನುವ ಸಲಹೆಯೂ ಬರುತ್ತದೆ, ನನಗೂ ಬಂದಿತ್ತು. ಅದು ರೋಗ ಮುಚ್ಚಿಡುವ ಉಪಾಯ. ಇಂಜಿನ್ ಬೇಕಾದ ಬಿಸಿಗೆ ಬರುವುದೇ ಇಲ್ಲ, ಇಂಧನ ಜಾಸ್ತಿ ಕುಡಿಯುತ್ತದೆ, ಕೂಲೆಂಟ್ ಮಾತ್ರ ಹೋಗುತ್ತಲೇ ಇರುತ್ತದೆ.

ನೀವು ಹೇಳಿದ ಮುಂದಿನ ವಾರದ ಲಾಂಗ್ ಟ್ರಿಪ್ಪಿಗೆ ಈ ಕಾರು ಬೇಡ. ಪರೀಕ್ಷೆಗೆ ಗ್ಯಾರೇಜಿಗೆ ಹೋಗುವ ದಾರಿಯಲ್ಲೇ ಮುಳ್ಳು ಏರಿದರೆ ಎಸಿ ಆರಿಸಿ, ಹೀಟರ್ ಫುಲ್ ಹಾಕಿ, ಪಕ್ಕಕ್ಕೆ ಬನ್ನಿ, ಇಂಜಿನ್ ಆರಿಸಿ. ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಪಕ್ಕಕ್ಕೆ ಬರುವುದರಲ್ಲೂ ತಡ ಮಾಡಬೇಡಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಸೀಳಬಹುದು. ಪೂರ್ತಿ ಆರಿದ ಮೇಲೆ ಬೇರೆ ಗತಿ ಇಲ್ಲದಿದ್ದರೆ ಕುಡಿಯುವ ನೀರು ಹಾಕಿ ಹತ್ತಿರದ ಗ್ಯಾರೇಜಿನವರೆಗೆ ಹೋಗಬಹುದು. ಆಮೇಲೆ ಅದನ್ನು ತೆಗೆಸಿ ಸರಿಯಾದ ಕೂಲೆಂಟ್ ತುಂಬಿಸಿ, ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ) ಬಿಡಿಸಿ.

ನಿಮ್ಮದು ಯಾವ ಗಾಡಿ, ಪೆಟ್ರೋಲಾ ಡೀಸೆಲ್ಲಾ ಅಂತ ಬರೆದಿಲ್ಲ. ಮುಳ್ಳು ಏರಿದ್ದು ಟ್ರಾಫಿಕ್ಕಿನಲ್ಲಾ, ಏರಿನಲ್ಲಾ? ಬೆಳಗ್ಗೆ ಹೋಸ್ ಮೆತ್ತಗಿತ್ತಾ, ಪ್ರೆಶರ್ ಟೆಸ್ಟಿನಲ್ಲಿ ಎಷ್ಟು ಇಳಿಯಿತು? ಇಷ್ಟು ತಿಳಿಸಿದರೆ ಮುಂದಿನದು ಹೇಳುತ್ತೇನೆ.